ನೆಲನೆಲ್ಲಿ ಮತ್ತು ಮಾತ್ರೆ

ಇಳಕಲ್ಲ
೧೪ ಜುಲೈ ೨೦೨೪

ಪೂಜ್ಯ ಅತ್ತೆಯವರಿಗೆ ಸುನಂದಾಳ ಶರಣು.

ನನ್ನ ಹೆಸರು ಕಂಡರೆ ನೀವು ಫೋನ್ ಎತ್ತುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ನಿಮ್ಮ ಮಗನ ಜೀವಕ್ಕೇನೂ ಆಗಿಲ್ಲ. ನಿನ್ನೆ ಬಾಗಲಕೋಟೆಯ ದವಾಖಾನೆಯಿಂದ ಮನೆಗೆ ಕರೆತಂದೆವು.

ಎರಡು ವಾರದ ಹಿಂದೆ ಅವರ ಕಣ್ಣು, ಉಗುರು ಎಲ್ಲ ಅರಿಶಿನವಾದವು. ಹೊಟ್ಟೆ ಉಬ್ಬಿತು. ಡಾಕ್ಟರು ರಕ್ತ ನೋಡಿ, "ಮಾತ್ರಿ ಬಿಟ್ಟು ಎಷ್ಟು ದಿನ ಆತು?" ಎಂದರು. ದಿನಾ ತಪ್ಪದೆ ತೆಗೆದುಕೊಳ್ಳುತ್ತಾರೆ ಎಂದೆ ನಾನು. ಇವರು ಗೋಡೆಯ ಕಡೆ ಮುಖ ತಿರುಗಿಸಿ, "ಹೋಳಿ ಹುಣ್ಣಿವಿಂದ ಬಿಟ್ಟೇನ್ರಿ" ಅಂದರು.

ಯಾಕೆ ಬಿಟ್ಟರೆಂದು ನಿಮಗೆ ತಿಳಿಯಬೇಕು. ಲಿವರಿನಲ್ಲಿ ವೈರಸ್ ಇದೆ, ಜೀವನಪೂರ್ತಿ ಮಾತ್ರೆ ಬೇಕು ಎಂದು ಗೊತ್ತಾದಾಗಿನಿಂದ ನೀವು ಬೆಳಗಾದರೆ ನೆಲನೆಲ್ಲಿ ಸೊಪ್ಪು ಅರೆದು ಮಜ್ಜಿಗೆಯಲ್ಲಿ ಕೊಡುತ್ತಿದ್ದಿರಿ. ಮಾತ್ರೆ ಬೇಡವೆಂದು ನೀವು ಎಂದೂ ಹೇಳಿದವರಲ್ಲ. ನೆಲನೆಲ್ಲಿ ಬೇಡವೆಂದವಳು ನಾನು. ಎರಡೂ ಕೂಡಿದರೆ ಹೊಟ್ಟೆಯಲ್ಲಿ ವಿಷವಾಗುತ್ತದೆ ಎಂದೆ. ಡಾಕ್ಟರನ್ನೇನೂ ಕೇಳಿರಲಿಲ್ಲ. ಖರೆ ಹೇಳಬೇಕೆಂದರೆ, ಎದ್ದ ಕೂಡಲೆ ಅವರು ನಿಮ್ಮ ಬಟ್ಟಲಿಗೆ ಕೈಚಾಚುವುದು ನನಗೆ ಸೇರುತ್ತಿರಲಿಲ್ಲ. ಕೊನೆಗೆ ಒಂದು ದಿನ ಅದನ್ನು ಬಚ್ಚಲಿಗೆ ಸುರಿದೆ. ನೀವು ಸೀರೆ ಮಡಚಿಕೊಂಡು ತುಳಸಿಗೇರಿಗೆ, ನಿಮ್ಮ ತಮ್ಮ ಅಮಾತೆಪ್ಪ ಮಾವನ ಮನೆಗೆ ಹೋದಿರಿ.

ಹಣಮಪ್ಪನ ಗುಡಿಗೆಂದು ಶನಿವಾರ ಅಲ್ಲಿಗೆ ಬರುತ್ತಿದ್ದ ನಿಮ್ಮ ಮಗ ನಿಮ್ಮಿಂದ ಒಣಗಿಸಿದ ಪುಡಿ ತರುತ್ತಿದ್ದದ್ದು ನನಗೆ ಗೊತ್ತಿರಲಿಲ್ಲ. ಅವ್ವನ ಕೈಯ ಔಷಧಿ ಬಿಡಲು ಅವರಿಗೆ ಆಗಲಿಲ್ಲ. ನನ್ನ ವಿಷದ ಮಾತೂ ತಲೆಯಿಂದ ಹೋಗಲಿಲ್ಲ. ಹಾಗಾಗಿ ಮಾತ್ರೆ ಬಿಟ್ಟರು. ನನ್ನೆದುರು ನುಂಗಿದಂತೆ ಮಾಡಿ ಹಿತ್ತಲಲ್ಲಿ ಉಗುಳುತ್ತಿದ್ದರಂತೆ.

ಡಾಕ್ಟರು ಬೈಯಲಿಲ್ಲ. "ಸೊಪ್ಪಿನ ವಿಷಯ ಮೊದಲ ಹೇಳಿದ್ರ, ಕೂಡೇ ತಗೋಬಹುದೋ ಇಲ್ಲೋ ನಾ ನೋಡತಿದ್ದೆ. ಮಾತ್ರಿ ಬಿಡಬಾರದಿತ್ತು" ಅಂದರು. ಈಗ ಮತ್ತೆ ಶುರುವಾಗಿದೆ. ಕಾಮಾಲೆ ಇಳಿಯುತ್ತಿದೆ. ಆದರೆ ಲಿವರು ಗಟ್ಟಿಯಾಗಿದೆ, ಅದು ಮೊದಲಿನಂತಾಗುವುದು ಕಷ್ಟವಂತೆ. ಗ್ರಾನೈಟ್ ಕಾರ್ಖಾನೆಯ ಭಾರದ ಕೆಲಸ ಇನ್ನು ಆಗದು.

ನಿನ್ನೆ ಊಟಕ್ಕೆ ಕೂತವರು ತುತ್ತು ಹಿಡಿದುಕೊಂಡೇ, "ಅವ್ವ ಉಂಡಿರತಾಳೇನು?" ಎಂದು ಕೇಳಿದರು.

ಬರ್ರಿ ಅತ್ತಿ. ನನ್ನ ಸಂಗಡ ಮಾತಾಡದಿದ್ದರೂ ನಡೆಯುತ್ತದೆ, ಅವರ ಹತ್ತಿರ ಕೂಡ್ರಿ.

ನಿಮ್ಮ ಸೊಸೆ
ಸುನಂದಾ

ತಾ.ಕ.: ನನ್ನ ರಕ್ತ ಪರೀಕ್ಷೆ ಮಾಡಿದರು, ಸೋಂಕಿಲ್ಲ. ನಿಮ್ಮದನ್ನೂ ಮಾಡಬೇಕಂತೆ. ಈ ವೈರಸ್ ಬಹಳ ಸಲ ಹೆರಿಗೆಯ ಹೊತ್ತಿಗೆ ತಾಯಿಯಿಂದಲೇ ಮಗುವಿಗೆ ಬರುತ್ತದೆ, ತಾಯಿಗೆ ಅದರ ಸುಳಿವೂ ಇರುವುದಿಲ್ಲ ಎಂದರು. ಅವ್ವನಿಗೆ ಇದೊಂದು ಹೇಳಬೇಡ ಎಂದು ನಿಮ್ಮ ಮಗ ನನ್ನಿಂದ ಮಾತು ತೆಗೆದುಕೊಂಡಿದ್ದರು. ಆ ಮಾತು ಮುರಿದಿದ್ದೇನೆ. ಪರೀಕ್ಷೆಗೆ ನಿಮ್ಮ ಸಂಗಡ ನಾನೇ ಬರುತ್ತೇನೆ.