ದೀಪ ಹಚ್ಚಿದ ಮೇಲೆ ಬಂದ ಹೆಪ್ಪು

ತಾರ್ತು, ಎಸ್ಟೋನಿಯಾ
ಫೆಬ್ರವರಿ ೩೦, ೨೧೯೪

ಪೂಜ್ಯ ಅಜ್ಜಿ ಸ್ಫೂರ್ತಿ ಮುಳಗುಂದ ಅವರಿಗೆ ಗದಗಿನ ದ್ಯಾಮವ್ವ ಮಾಡುವ ನಮಸ್ಕಾರಗಳು.

ಮೊದಲು ತಾರೀಖಿನ ವಿಷಯ. ಅದು ಕೈತಪ್ಪಿ ಬಂದದ್ದಲ್ಲ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನಗಳು ಯಾವ ತಿಂಗಳಿಗೂ ಸೇರದೆ ವರ್ಷದ ಕೊನೆಯಲ್ಲಿ ರಜೆಯಾಗಿ ಬಿದ್ದಿರುತ್ತವೆ. ಎರಡನೆಯದು, ನಿಮಗೀಗ ಇಪ್ಪತ್ತೊಂದು ವರ್ಷ, ನನಗೆ ಇಪ್ಪತ್ಮೂರು. ನನಗಿಂತ ಚಿಕ್ಕವರನ್ನು ಅಜ್ಜಿ ಎನ್ನುವುದು ನನಗೂ ಮುಜುಗರವೇ. ಆದರೆ ನೀವು ನನ್ನ ಮುತ್ತಜ್ಜಿಯ ಮುತ್ತಜ್ಜಿ. ಬೇರೆ ಏನೆಂದು ಕರೆದರೂ ನಮ್ಮವ್ವ ಬಯ್ಯುತ್ತಾಳೆ. ಮದುವೆಯೇ ಬೇಡವೆಂದು ನೀವು ಈಗ ಹಟ ಹಿಡಿದಿರಬಹುದು. ಆ ಬಗ್ಗೆ ನಾನು ಏನೂ ಹೇಳುವುದಿಲ್ಲ. ನನ್ನ ಹೆಸರು ಕೇಳಿ ನಗಬೇಡಿ. ನಿಮ್ಮ ಕಾಲದಲ್ಲಿ ಹಳೆಯದಾಗಿದ್ದ ಹೆಸರುಗಳೇ ಈಗ ಹೊಸವು. ನಿಮ್ಮ ಕನ್ನಡವನ್ನು ನಾನು ಪುಸ್ತಕ ಓದಿ ಕಲಿತು ಬರೆಯುತ್ತಿದ್ದೇನೆ. ಅಲ್ಲಲ್ಲಿ ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ಈ ಕಾಗದ ನಿಮಗೆ ಬರುತ್ತಿರುವುದು ಹಿಂದಂಚೆಯಲ್ಲಿ. ಕಳೆದ ಕಾಲಕ್ಕೆ ಕಾಗದ ಕಳಿಸುವ ವ್ಯವಸ್ಥೆಗೆ ನಾವು ಹಾಗೆನ್ನುತ್ತೇವೆ. ಇಲ್ಲಿಗೆ ಬಂದ ಪ್ರತಿಯೊಬ್ಬ ವಿನಿಮಯ ವಿದ್ಯಾರ್ಥಿಗೂ ಓದು ಮುಗಿಯುವುದರೊಳಗೆ ಒಂದೇ ಒಂದು ಕಾಗದಕ್ಕೆ ಅವಕಾಶವಿದೆ. ಅಕ್ಷರ ಹೋಗುತ್ತದೆ, ವಸ್ತು ಹೋಗುವುದಿಲ್ಲ. ನೂರೈವತ್ತು ವರ್ಷಕ್ಕಿಂತ ಈಚಿನವರಿಗೆ ಬರೆಯುವಂತಿಲ್ಲ. ಬಿಟ್ಟರೆ ಜನ ನಿನ್ನೆಯ ತಮಗೆ ತಾವೇ ಬುದ್ಧಿ ಹೇಳುತ್ತ ಕೂತಾರೆಂದು ಈ ನಿಯಮ. ಯುದ್ಧ, ರೋಗ, ಚುನಾವಣೆಗಳ ಸುದ್ದಿ ಬರೆದರೆ ಆ ಸಾಲುಗಳನ್ನು ಅಳಿಸಿಯೇ ಕಳಿಸುತ್ತಾರೆ. ಅಡುಗೆಮನೆಯ ಸುದ್ದಿಗೆ ಅಡ್ಡಿಯಿಲ್ಲ. ನನ್ನದು ಅಡುಗೆಮನೆಯ ಸುದ್ದಿಯೇ.

ನೀವು ಸೆಮಿಸ್ಟರ್ ಓದಲು ಇದೇ ತಾರ್ತುವಿಗೆ ಬಂದದ್ದು ವಿಮಾನದಲ್ಲಿ, ಒಂದೂವರೆ ದಿನದಲ್ಲಿ ಎಂದು ಕೇಳಿದ್ದೇನೆ. ನನಗೆ ಕಾರವಾರದಿಂದ ಹಡಗು, ಆಮೇಲೆ ರೈಲು, ಎಲ್ಲ ಸೇರಿ ಮೂವತ್ತೊಂದು ದಿನ ಹಿಡಿಯಿತು. ವಿನಿಮಯವೆಂದರೆ ಈಗ ನಿಜವಾಗಿಯೂ ವಿನಿಮಯ. ಇದಕ್ಕೆ ‘ತಲೆಗೆ ತಲೆ’ ಎನ್ನುತ್ತಾರೆ. ಇಲ್ಲಿಂದ ಒಬ್ಬರು ನಮ್ಮ ಮನೆಗೆ ಹೋಗಿ ನನ್ನ ಹಾಸಿಗೆಯಲ್ಲಿ ಮಲಗಲು ಒಪ್ಪಿದರೆ ಮಾತ್ರ ನಾನು ಇಲ್ಲಿಗೆ ಬರಬಹುದು. ನನ್ನ ತಲೆಗೆ ಬದಲಾಗಿ ಮಾರಿತ್ ಎಂಬ ಹುಡುಗಿ ಗದಗಿಗೆ ಹೋಗಿದ್ದಾಳೆ. ಅವ್ವ ಪ್ರತಿ ವಾರ ಮಾತಾಡುವಾಗ ಮೊದಲು ಅವಳ ಗುಣಗಾನ ಮಾಡುತ್ತಾಳೆ. “ಈ ಹುಡುಗಿ ನಿನಗಿಂತ ಛಲೋ ರೊಟ್ಟಿ ಬಡೀತಾಳ ನೋಡವಾ. ಎಬ್ಬಿಸೂದs ಬ್ಯಾಡ, ತಾನs ಏಳ್ತಾಳ” ಎನ್ನುತ್ತಾಳೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಕೇಳಿದ್ದೆ. ಮಗಳಿಗೂ ಒಂದು ಕಾಲ ಬರುತ್ತದೆಂದು ತಿಳಿದಿರಲಿಲ್ಲ. ನಾನಿಲ್ಲಿ ಕಲಿಯುತ್ತಿರುವುದು ಜೌಗುಶಾಸ್ತ್ರ. ನೆಲ ನೀರನ್ನು ಹೇಗೆ ಹಿಡಿದಿಟ್ಟುಕೊಳ್ಳುತ್ತದೆ ಎಂಬುದನ್ನು ಇವರ ಜೌಗಿನಲ್ಲಿ ಮೊಣಕಾಲುದ್ದ ನಿಂತು ಅಳೆಯುವ ವಿದ್ಯೆ ಅದು. ಗದಗಿನವಳು ಇದನ್ನು ಓದುತ್ತಿರುವುದನ್ನು ಕಂಡು ಇಲ್ಲಿನ ಗುರುಗಳು ಮೊದಲ ದಿನ ನಕ್ಕರು. ನಮ್ಮೂರಿಗೆ ಇದು ಎಷ್ಟು ಬೇಕೆಂದು ಹೇಳಿದ ಮೇಲೆ ನಗಲಿಲ್ಲ.

ನಾನು ಇರುವ ಕೇರಿ ನಿಮ್ಮದೇ. ಸೂಪಿನ ಪೇಟೆ ಎಂಬ ಹೆಸರು ಹಾಗೆಯೇ ಇದೆ. ಬೀದಿಗಳು ಇನ್ನೂ ಆಲೂಗಡ್ಡೆ, ಬಟಾಣಿ, ಹುರುಳಿಕಾಯಿ ಎಂದೇ ಕರೆಸಿಕೊಳ್ಳುತ್ತವೆ. ಮರದ ಮನೆಗಳು ಸ್ವಲ್ಪ ಹೆಚ್ಚು ವಾಲಿವೆ. ಊರ ನಡುವೆ ಹರಿಯುವ ತಾಯಿಹೊಳೆ ಈಗ ಚಳಿಗಾಲದಲ್ಲೂ ಹೆಪ್ಪುಗಟ್ಟುವುದಿಲ್ಲ. ನೀವು ಅದರ ಮೇಲೆ ನಡೆದು ಆಚೆ ದಡಕ್ಕೆ ಹೋಗಿ ಫೋಟೊ ತೆಗೆಸಿಕೊಂಡಿದ್ದನ್ನು ತೋರಿಸಿದರೆ ಇಲ್ಲಿನ ಮಕ್ಕಳು ನಂಬುವುದಿಲ್ಲ. ದೀಪಗಳಿಗೆ ಊರಿಗೆಲ್ಲ ಒಂದೇ ಸ್ವಿಚ್ಚು. ಸೂರ್ಯ ಮುಳುಗಿದ ಕ್ಷಣಕ್ಕೆ ಮನೆ, ಬೀದಿ, ಗ್ರಂಥಾಲಯ ಎಲ್ಲ ಕಡೆ ಒಟ್ಟಿಗೆ ದೀಪ ಹತ್ತುತ್ತದೆ. ಇದಕ್ಕೆ ಊರದೀಪ ಎನ್ನುತ್ತಾರೆ. ಅದರ ವಿಷಯ ಮುಂದೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಈಗ ಹೆಪ್ಪಿನ ಮಾತು. ನೀವು ಗದಗಿನಿಂದ ಹೊರಡುವಾಗ ಮನೆಯ ಮೊಸರಿನಲ್ಲಿ ಬಿಳಿ ಬಟ್ಟೆ ಅದ್ದಿ, ನೆರಳಲ್ಲಿ ಒಣಗಿಸಿ, ಸೂಟ್‌ಕೇಸಿನಲ್ಲಿ ಸೀರೆಯ ಮಡಿಕೆಯೊಳಗೆ ಇಟ್ಟುಕೊಂಡು ಹೋಗಿದ್ದೀರಿ. ಅದನ್ನು ಇಲ್ಲಿನ ಹಾಲಿನಲ್ಲಿ ನೆನೆಸಿ ಹೆಪ್ಪು ಮಾಡಿಕೊಂಡಿದ್ದೀರಿ. ಜೂನ್‌ನಲ್ಲಿ ಊರಿಗೆ ಮರಳುವಾಗ ಅದನ್ನು ಚೆಲ್ಲಲು ಮನಸ್ಸಾಗದೆ ಮನೆಯೊಡತಿ ಲೈನೆ ಅವರಿಗೆ ಕೊಟ್ಟು ಹೋಗುತ್ತೀರಿ. ಇದು ನಮಗೆ ಗೊತ್ತಿರುವುದು ನೀವೇ ಮುಂದೆ ಹೇಳಿದ್ದರಿಂದ. ಲೈನೆಯ ಮನೆಯವರು ಅದನ್ನು ತಾಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ದಾಟಿಸುತ್ತ ನೂರಾ ಅರವತ್ತೆಂಟು ವರ್ಷ ಕಾಪಾಡಿದರು. ಒಂದು ದಿನವೂ ತಪ್ಪಿಸಿರಲಿಲ್ಲವಂತೆ.

ಅದೇ ಹೆಪ್ಪು ನಮ್ಮ ಮನೆಯಲ್ಲೂ ಇತ್ತು, ನಮ್ಮವ್ವನ ಹತ್ತೊಂಬತ್ತನೆಯ ವಯಸ್ಸಿನವರೆಗೆ. ಒಂದು ಬೇಸಿಗೆಯಲ್ಲಿ ಹಿರಿಯರೆಲ್ಲ ಲಕ್ಷ್ಮೇಶ್ವರಕ್ಕೆ ಮದುವೆಗೆ ಹೋಗಿದ್ದಾಗ ಮನೆ ಅವಳ ಕೈಯಲ್ಲಿತ್ತು. ಐವತ್ತೊಂದು ಡಿಗ್ರಿ ಬಿಸಿಲು, ಎರಡು ದಿನ ಕರೆಂಟಿಲ್ಲ. ಹೆಪ್ಪು ಕೆಟ್ಟು ನೀರಾಯಿತು. ಬೇರೆ ಮನೆಯಿಂದ ತರೋಣವೆಂದರೆ ಆ ಹೊತ್ತಿಗೆ ನಮ್ಮ ಕಡೆ ಯಾರ ಮನೆಯಲ್ಲೂ ನಿಜವಾದ ಹೆಪ್ಪು ಉಳಿದಿರಲಿಲ್ಲ. ಏಕೆಂದು ಬರೆದರೆ ಅಳಿಸುತ್ತಾರೆ. ಈಗ ನಮಗಿರುವುದು ಕಾರ್ಖಾನೆಯ ತೊಟ್ಟಿಯಲ್ಲಿ ಬೆಳೆಸುವ ತೊಟ್ಟಿಹಾಲು, ಅದಕ್ಕೆ ಹಾಕುವ ಒಂದು ಗುಳಿಗೆ. ಬೀದರಿನಿಂದ ಚಾಮರಾಜನಗರದವರೆಗೆ ಮೊಸರಿಗೆ ಒಂದೇ ರುಚಿ. ಅವ್ವನಿಗೆ ಈಗ ಐವತ್ತು ದಾಟಿದೆ. ಇಂದಿಗೂ ಯಾವ ಮನೆಯ ಶುಭಕಾರ್ಯದಲ್ಲಿ ಎಲೆಗೆ ಮೊಸರು ಬಿದ್ದರೂ ಯಾರಾದರೂ ಒಬ್ಬರು “ಹೆಪ್ಪು ಕೆಡಿಸಿದಾಕಿ ಬಂದಾಳ, ಸರದು ಕೂಡ್ರಿ” ಎಂದು ನಗುತ್ತಾರೆ. ಅವಳೂ ನಗುತ್ತಾಳೆ. ಆಮೇಲೆ ಮೊಸರು ಮುಟ್ಟದೆ ಎಲೆ ಮಡಚುತ್ತಾಳೆ. ಚಿಕ್ಕಂದಿನಿಂದ ನಾನು ಇದನ್ನು ನೋಡಿದ್ದೇನೆ.

ಆದ್ದರಿಂದ ನನ್ನನ್ನು ಇಷ್ಟು ದೂರ ಕಳಿಸಲು ಅವ್ವ ಒಪ್ಪಿದ್ದು ಜೌಗುಶಾಸ್ತ್ರಕ್ಕಾಗಿ ಅಲ್ಲ. ಹಡಗು ಹತ್ತಿಸುವಾಗ ಅವಳು ಹೇಳಿದ್ದು ಎರಡೇ ಮಾತು. “ಆ ಮನಿ ಹುಡುಕಿ ನಮ್ಮ ಹೆಪ್ಪು ತೊಗೊಂಡ ಬಾ. ಆದ್ರ ದೀಪಾ ಹಚ್ಚಿದ ಮ್ಯಾಲ ಇಸ್ಕೊಬ್ಯಾಡವಾ, ಕೊಟ್ಟವರ ಮನಿ ಲಕ್ಷ್ಮಿ ಹೊರಗ ಹೋಗ್ತಾಳ.” ನಿಮ್ಮ ಕಾಲದಲ್ಲೂ ಈ ಪದ್ಧತಿ ಇತ್ತೆಂದು ಬಲ್ಲೆ. ಮುಸ್ಸಂಜೆ ದೀಪ ಹಚ್ಚಿದ ಮೇಲೆ ಹಾಲು, ಮೊಸರು, ಉಪ್ಪು, ಸೂಜಿ ಹೊಸ್ತಿಲು ದಾಟಬಾರದು.

ಮನೆ ಸುಲಭವಾಗಿ ಸಿಕ್ಕಿತು. ಲೈನೆಯ ವಂಶದ ಹೆಲ್ಮಿ ಎಂಬ ಎಂಬತ್ನಾಲ್ಕು ವರ್ಷದ ಹೆಂಗಸು ಅಲ್ಲಿ ಒಬ್ಬರೇ ಇದ್ದರು. ಕಿವಿಗಿಳಿಯನ್ನು, ಅಂದರೆ ಕಿವಿಯಲ್ಲಿಟ್ಟರೆ ಎದುರಿನವರ ಭಾಷೆಯನ್ನು ನಮ್ಮದಾಗಿಸುವ ಗುಂಡಿಯನ್ನು, ತಮ್ಮ ಮನೆಯಲ್ಲಿ ತೆಗೆದಿಡಬೇಕೆಂದು ಅವರ ಆಜ್ಞೆ. ನನ್ನ ಹರಕುಮುರುಕು ಎಸ್ಟೋನಿಯನ್ ಕೇಳುತ್ತ ಅವರು ಬ್ರೆಡ್ಡಿಗೆ ಬೆಣ್ಣೆ ಹಚ್ಚಿ ಕೊಡುತ್ತಿದ್ದರು. ಮಣ್ಣಿನ ಕುಡಿಕೆಯೊಂದನ್ನು ತೋರಿಸಿ, ಇದರ ಹೆಸರು ‘ಹಿಂದೂಸ್ತಾನದ ಹುಡುಗಿ’ ಎಂದರು. ನಿಮ್ಮ ಹೆಸರು ಅವರಿಗೆ ಗೊತ್ತಿರಲಿಲ್ಲ; ನಾನು ಹೇಳಿದೆ. ಒಂದು ಚಮಚ ಬಾಯಿಗಿಟ್ಟುಕೊಂಡೆ. ಹುಳಿ ಕಡಿಮೆ, ಕೊನೆಗೆ ಒಂದಿಷ್ಟು ಒಗರು. ಅವ್ವ ಮೂವತ್ತು ವರ್ಷದಿಂದ ವರ್ಣಿಸುತ್ತಿದ್ದ ರುಚಿ ಅದೇ, ಒಂದು ಅಕ್ಷರವೂ ತಪ್ಪಿರಲಿಲ್ಲ. ನನಗೆ ಅಳು ಬಂತು. ಊರಿಗೆ ಹೊರಡುವ ವಾರ ಒಯ್ಯುವೆನೆಂದು ಒಪ್ಪಂದವಾಯಿತು.

ಡಿಸೆಂಬರಿನಲ್ಲಿ ಒಂದು ದಿನ ಹೆಲ್ಮಿ ತಾವಾಗಿಯೇ ನನ್ನ ಬಾಗಿಲಿಗೆ ಬಂದರು. ಕೈಯಲ್ಲಿ ಬಟ್ಟೆ ಸುತ್ತಿದ ಸಣ್ಣ ಕುಡಿಕೆ. ಈಚೆಗೆ ಕೈ ನಡುಗುತ್ತಿದೆ, ಒಂದು ಪಾಲು ನಿನ್ನ ಹತ್ತಿರವೂ ಇರಲಿ ಎಂದರು. ಕೈ ಚಾಚಿದೆ. ಅಷ್ಟರಲ್ಲಿ ಊರದೀಪ ಹತ್ತಿತು. ಗಂಟೆ ಮಧ್ಯಾಹ್ನದ ಮೂರು ಇಪ್ಪತ್ತು. ನಾನು ಉಂಡ ತಟ್ಟೆ ಇನ್ನೂ ತೊಳೆದಿರಲಿಲ್ಲ. ಗದಗಿನಲ್ಲಿ ಆ ಹೊತ್ತಿಗೆ ಬಿಸಿಲು ಇನ್ನೂ ಚುರುಗುಟ್ಟುತ್ತಿರುತ್ತದೆ. ಆದರೆ ದೀಪ ದೀಪವೇ ಅಲ್ಲವೇ? ನನ್ನಿಂದ ಆ ಮನೆಯ ಲಕ್ಷ್ಮಿ ಹೊರಗೆ ಹೋಗಬಾರದೆಂದು ಕೈ ಹಿಂದೆಗೆದು, ನಮ್ಮ ಪದ್ಧತಿಯನ್ನು ವಿವರಿಸಿ, ಬೆಳಿಗ್ಗೆ ಬಂದು ಒಯ್ಯುತ್ತೇನೆ ಎಂದೆ. ಹೆಲ್ಮಿ ಬೇಸರಿಸಲಿಲ್ಲ. ಪ್ರತಿ ಮನೆಗೂ ಅದರದೇ ಕಾನೂನು ಎಂದು ಹೇಳಿ, ಜಾರುವ ಬೀದಿಯಲ್ಲಿ ಕುಡಿಕೆ ಎದೆಗವಚಿಕೊಂಡು ವಾಪಸು ನಡೆದರು. ಹೋಗುವುದನ್ನು ಕಿಟಕಿಯಿಂದ ನೋಡುತ್ತ ನಿಂತಿದ್ದೆ.

ಇಲ್ಲಿ ಡಿಸೆಂಬರಿನಲ್ಲಿ ಸೂರ್ಯ ಹುಟ್ಟುವುದೇ ಒಂಬತ್ತಕ್ಕೆ. ನಮ್ಮ ತರಗತಿಯ ಬಂಡಿ ಊರದೀಪ ಆರುವ ಮೊದಲೇ, ಎಂಟಕ್ಕೇ ಜೌಗಿಗೆ ಹೊರಟಿತು, ಮೂರು ದಿನದ ಅಳತೆಗೆ. ಮರಳಿ ಬಂದಾಗ ಹೆಲ್ಮಿಯ ಕಿಟಕಿಗಳು ತೆರೆದಿದ್ದವು, ಪಡಸಾಲೆಯಲ್ಲಿ ಸಾಬೂನಿನ ವಾಸನೆ. ಅಡುಗೆಮನೆಯಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಅವರನ್ನು ಮಗಳು ಸಮುದ್ರದ ಕಡೆಯ ಊರಿಗೆ ಕರೆದೊಯ್ದಿದ್ದಳು. ಅವರ ಅಣ್ಣನ ಮಗ ಬಂದು ಮನೆಯನ್ನೆಲ್ಲ ಚೊಕ್ಕಟಮಾಡಿದ್ದ. ಎರಡು ಕುಡಿಕೆಗಳಲ್ಲಿ ಹಾಲು ಒಡೆದು ಹುಳಿಯಾಗಿತ್ತೆಂದೂ, ಚೆಲ್ಲಿ ಬಿಸಿನೀರಿನಲ್ಲಿ ಮೂರು ಸಲ ತೊಳೆದಿಟ್ಟಿದ್ದೇನೆಂದೂ ಹೆಮ್ಮೆಯಿಂದ ತೋರಿಸಿದ. ಕುಡಿಕೆಗಳು ಮಿರಮಿರ ಮಿಂಚುತ್ತಿದ್ದವು. ಕೋಣೆಗೆ ಬಂದು ಜೌಗಿನ ಬೂಟು ಬಿಚ್ಚದೆ ಹಾಗೇ ಕೂತೆ.

ಅವ್ವ ಪ್ರತಿ ವಾರ ಕೇಳುತ್ತಾಳೆ, “ಹೆಪ್ಪು ಹೆಂಗೈತಿ?” ಛಲೋ ಐತಿ ಎನ್ನುತ್ತೇನೆ. ಹತ್ತು ವಾರದಿಂದ ಹೀಗೆ ಸುಳ್ಳು ಹೇಳುತ್ತಿದ್ದೇನೆ. ಅವಳು ಆಗಲೇ ಜೂನ್‌ನಲ್ಲಿ ಉಣ್ಣಲು ಯಾರ್‍ಯಾರನ್ನು ಕರೆಯಬೇಕೆಂದು ಲೆಕ್ಕ ಹಾಕುತ್ತಿದ್ದಾಳೆ. ನಗುತ್ತಿದ್ದವರನ್ನೆಲ್ಲ ಸಾಲಾಗಿ ಕೂರಿಸಿ ತನ್ನ ಕೈಯಾರೆ ಮೊಸರು ಬಡಿಸುವ ಆಸೆ ಅವಳಿಗೆ. ಅವಳು ಕೆಡಿಸಿದ್ದು ಬಿಸಿಲಿನಿಂದ. ನಾನು ಕೆಡಿಸಿದ್ದು ಅವಳ ಮಾತನ್ನು ಚಾಚೂ ತಪ್ಪದೆ ಪಾಲಿಸಿದ್ದರಿಂದ. ಇದನ್ನು ಅವಳಿಗೆ ಯಾವ ಬಾಯಲ್ಲಿ ಹೇಳಲಿ?

ಆದ್ದರಿಂದ, ಅಜ್ಜಿ, ಒಂದು ಬೇಡಿಕೆ. ಈ ಕಾಗದ ನಿಮಗೆ ಏಪ್ರಿಲ್‌ನಲ್ಲಿ ಸಿಗುವಂತೆ ಕಳಿಸುತ್ತಿದ್ದೇನೆ. ಹೊರಡುವ ಮುನ್ನ ಹೆಪ್ಪನ್ನು ಒಂದೇ ಮನೆಗೆ ಕೊಟ್ಟು ಬರಬೇಡಿ, ಎರಡು ಮನೆಗೆ ಕೊಡಿ. ಲೈನೆ ಅವರಿಗೆ ಕೊಡುವುದು ಇದ್ದೇ ಇದೆ. ಇನ್ನೊಂದನ್ನು ಬಟಾಣಿ ಬೀದಿಯ ಮೂಲೆಯಲ್ಲಿ ನೀಲಿ ಬಾಗಿಲಿನ ಮನೆಗೆ ಕೊಡಿ. ಅಲ್ಲಿ ಈಗ ಪಿಯಾನೊ ರಿಪೇರಿ ಮಾಡುವವರೊಬ್ಬರು ಇದ್ದಾರೆ. ಆ ಮನೆಯೇ ಏಕೆಂದರೆ, ಊರಿನ ದಾಖಲೆಗಳನ್ನು ನೋಡಿದೆ. ಇಡೀ ಕೇರಿಯಲ್ಲಿ ನಿಮ್ಮ ಕಾಲದಿಂದ ಇಂದಿನವರೆಗೆ ಕೈ ಬದಲಾಗದೆ ಒಂದೇ ವಂಶದವರು ಉಳಿದಿರುವ ಇನ್ನೊಂದು ಮನೆ ಅದೊಂದೇ. ಪರಿಚಯವಿಲ್ಲವೆಂದು ಸಂಕೋಚಪಡಬೇಡಿ. ಹೇಗೆ ಹೆಪ್ಪು ಹಾಕಬೇಕೆಂದು ನಿಂತು ತೋರಿಸಿ, ಹುಳಿಯಾದರೆ ಚೆಲ್ಲಬಾರದೆಂದು ಎರಡು ಸಲ ಹೇಳಿ.

ದೀಪದ ಚಿಂತೆಯನ್ನೂ ಬಿಡಿ. ಜೂನ್‌ನಲ್ಲಿ ಇಲ್ಲಿ ರಾತ್ರಿ ಹತ್ತರವರೆಗೂ ಬಿಸಿಲಿರುತ್ತದೆ, ನಿಮಗೇ ಗೊತ್ತಾಗುತ್ತದೆ. ಹಾಗೂ ಒಂದು ವೇಳೆ ದೀಪ ಹತ್ತಿದ್ದರೆ, ಹತ್ತಿರಲಿ, ಕೊಡಿ. ಕೊಡಲು ಕೈ ಮುಂದೆ ಬಂದಾಗ ಕೊಡಬೇಕು, ತೆಗೆದುಕೊಳ್ಳಬೇಕು. ಅವ್ವನಿಗೂ ಇದನ್ನು ನಾನೇ ಹೇಳುತ್ತೇನೆ.

ನಿನ್ನೆ ಆ ನೀಲಿ ಬಾಗಿಲು ತಟ್ಟಿ ಕೇಳಿದ್ದೆ. ಅಂಥದ್ದೊಂದರ ಹೆಸರೇ ಕೇಳಿಲ್ಲವೆಂದು ಸೌಜನ್ಯದಿಂದ ಹೇಳಿ ಕದ ಹಾಕಿಕೊಂಡರು. ಈ ಕಾಗದ ಇವತ್ತು ಸಂಜೆಯ ಹಿಂದಂಚೆಗೆ ಹೋಗುತ್ತದೆ. ನಾಳೆ ಬೆಳಿಗ್ಗೆ ಸೂರ್ಯ ಹುಟ್ಟಿದ ಮೇಲೆ ಕೈಯಲ್ಲೊಂದು ಖಾಲಿ ಕುಡಿಕೆ ಹಿಡಿದು ಮತ್ತೆ ಹೋಗಿ ಅದೇ ಕದ ತಟ್ಟುತ್ತೇನೆ. ಕೊಟ್ಟಿರುತ್ತೀರಲ್ಲ, ಅಜ್ಜಿ?

ನಿಮ್ಮ ಕುಡಿ,
ದ್ಯಾಮವ್ವ