ಪೂಜೆಯ ದಾರ

ಕೊಳ್ಳೇಗಾಲ
೨೭-೧೧-೨೦೨೫

ಮಗಳು ಸೌಮ್ಯಳಿಗೆ,

ನಿನ್ನ ಅಪ್ಪ ಸದಾಶಿವಪ್ಪನ ಆಶೀರ್ವಾದ. ಹಾಸನದಲ್ಲಿ ನೀವೆಲ್ಲ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನೀನು ನಾಲ್ಕು ಸಲ ಫೋನ್ ಮಾಡಿದೆ. ನಾಲ್ಕು ಸಲವೂ ನಾನು ಅಮ್ಮನ ಕೈಗೆ ಕೊಟ್ಟು ಎದ್ದು ಹೋದೆ. ತಪ್ಪು ತಿಳಿಯಬೇಡ. ಮೇಲ್ ಎಂದರೆ ಈಗ ಭಯ, ಫೋನಿನಲ್ಲಿ ಬಾಯಿ ಬರುವುದಿಲ್ಲ. ಅದಕ್ಕೇ ಕಾಗದ.

ನಮ್ಮ ರೇಷ್ಮೆ ಸೀರೆ ಘಟಕದ ಕಥೆ ಅಮ್ಮ ಹೇಳಿರಬೇಕು. ಈ ತಿಂಗಳ ಆರನೇ ತಾರೀಕು ಮಧ್ಯಾಹ್ನ ಕಂಪ್ಯೂಟರಿನಲ್ಲಿದ್ದ ಡಿಸೈನುಗಳಿಗೆಲ್ಲ ಬೀಗ ಬಿತ್ತು. ಹಣ ಕೊಟ್ಟರೆ ಬೀಗ ತೆಗೆಯುತ್ತೇವೆಂದು ಯಾರೋ ಪುಣ್ಯಾತ್ಮರು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಬರೆದಿದ್ದರು. ಡಿಸೈನಿಲ್ಲದೆ ಹನ್ನೆರಡು ಮಗ್ಗಗಳೂ ನಿಂತವು. ಮೈಸೂರಿನಿಂದ ಬಂದ ಕಂಪ್ಯೂಟರಿನವನು ಮೊದಲು ವೈರು ಕಿತ್ತ. ಯಾರೋ ಕೆಟ್ಟ ಮೇಲ್ ತೆರೆದದ್ದರಿಂದ ಹೀಗಾಯಿತೆಂದ. "ದುಡ್ಡು ಕಟ್ಬೇಡಿ, ಪೊಲೀಸ್ಗೆ ಕಂಪ್ಲೇಂಟ್ ಕೊಡಿ" ಎಂದ. ಆಮೇಲೆ "ಇನ್ನೊಂದು ಕಾಪಿ ಎಲ್ಲಿ?" ಎಂದು ಕೇಳಿದ.

ಕಾಪಿ ಅಲ್ಲೇ, ಕಂಪ್ಯೂಟರಿಗೆ ಸಿಕ್ಕಿಸಿದ್ದ ಒಂದು ಡಿಸ್ಕಿನಲ್ಲಿತ್ತು. ಆಯುಧಪೂಜೆಯ ದಿನ ಆ ಪುಟ್ಟ ಡಿಸ್ಕನ್ನೂ ಕಂಪ್ಯೂಟರನ್ನೂ ಸೇರಿಸಿ ಅರಿಶಿನದ ದಾರ ಕಟ್ಟಿ ಕುಂಕುಮ ಇಟ್ಟಿದ್ದೆ. ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ನಿನ್ನ ಗೆಳತಿ ರೂಪ ಮಾರನೆಯ ದಿನವೇ ಹೇಳಿದ್ದಳು: "ಸಾ, ಇದ ದಿನಾ ಸಂಜೆ ಬಿಚ್ಚಿ ಬೀರುಲಿ ಮಡಗ್ಬೇಕು. ತಗಲಾಕ್ಕಂಡೇ ಇದ್ರೆ ಎರಡೂ ಒಟ್ಗೆ ಓಯ್ತವೆ." ಪೂಜೆಯ ದಾರ ತಾನಾಗಿ ಉದುರುವವರೆಗೆ ಬಿಚ್ಚಬಾರದೆಂದು ಗದರಿದೆ. ಮಗ್ಗಕ್ಕೆ ಕಟ್ಟಿದ್ದನ್ನು ನಿನ್ನ ತಾತನ ಕಾಲದಿಂದಲೂ ಹಾಗೇ ಬಿಟ್ಟಿದ್ದೇವಲ್ಲ. ದಾರ ಉದುರಲಿಲ್ಲ, ಡಿಸೈನು ಎರಡು ಕಡೆಯೂ ಹೋಯಿತು.

"ಯಾರೋ ಕೆಟ್ಟ ಮೇಲ್ ತೆಗ್ದವ್ರೆ ಅಂತಾರಲ್ಲ, ಯಾರು ಸಾ?" ಎಂದ ನಮ್ಮ ಹಿರಿಯ ನೇಕಾರ ಮಂಟೇಸ್ವಾಮಿ. ಎಲ್ಲರೂ ರೂಪಳನ್ನು ನೋಡಿದರು. ನಾನು ಸುಮ್ಮನಿರಬಹುದಿತ್ತು. "ಕಾಡಿಂದ ಬಂದೋಳ ಕೈಗೆ ಕಂಪ್ಯೂಟರ್ ಕೊಟ್ಟಿದ್ದೇ ನನ್ ತಪ್ಪು" ಎಂದುಬಿಟ್ಟೆ. ಅವಳು ಬೀಗದ ಕೈ ಮೇಜಿನ ಮೇಲಿಟ್ಟು ಕಾಡಂಚಿನ ತನ್ನೂರು ಹೂಗ್ಯಂಗೆ ಬಸ್ ಹತ್ತಿದಳು. ಹಾಸ್ಟೆಲಿನಲ್ಲಿ ನಿನ್ನ ಜೊತೆ ಒಂದೇ ತಟ್ಟೆಯಲ್ಲಿ ಉಂಡವಳು, ನೀನೇ ಕರೆತಂದು ನನ್ನ ಹತ್ತಿರ ಕೆಲಸಕ್ಕೆ ಸೇರಿಸಿದವಳು. ನಿನಗೆ ಹೇಗೆ ಮುಖ ತೋರಿಸಲಿ?

ಈಗ ಹಳೆಯ ಗಿರಾಕಿಗಳಿಂದ ಸೀರೆ ತರಿಸಿ, ಅಂಚು ಸೆರಗು ನೋಡಿಕೊಂಡು ಡಿಸೈನುಗಳನ್ನು ಮತ್ತೆ ಬಿಡಿಸುತ್ತಿದ್ದೇವೆ. ಐದು ಮಗ್ಗ ನಡೆಯುತ್ತಿವೆ. ಡಿಸ್ಕನ್ನು ಪ್ರತಿ ಸಂಜೆ ನಾನೇ ಬೀರುವಿನಲ್ಲಿ ಇಡುತ್ತೇನೆ. ಅಮ್ಮನ ಮಂಡಿನೋವು ಕಡಿಮೆಯಾಗಿದೆ, ಬೈಗುಳ ಜಾಸ್ತಿಯಾಗಿದೆ. ಮಾದಪ್ಪ ನಿಮ್ಮನ್ನು ತಣ್ಣಗಿಟ್ಟಿರಲಿ.

ಇಂತಿ,
ನಿನ್ನ ಅಪ್ಪ

ತಾ.ಕ.: ಸಹಿ ಹಾಕಿದ ಮೇಲೆ ಧೈರ್ಯ ಬಂತು. ಆ ಮೇಲ್ ತೆರೆದವನು ನಾನು. ರೂಪ ಊಟಕ್ಕೆ ಎದ್ದಿದ್ದಳು. ಬಿಲ್ ಎಂದಿತ್ತು, ಒತ್ತಿದೆ. ಅವಳನ್ನು ಬೈಯುವಾಗಲೇ ಅನುಮಾನವಿತ್ತು. ಮೈಸೂರಿನವನು ಹೊರಡುವ ಮುಂಚೆ ನನ್ನೊಬ್ಬನಿಗೇ ಆ ಮೇಲ್ ತೆರೆದ ಸಮಯ ತೋರಿಸಿದಾಗ ಖಾತ್ರಿಯಾಯಿತು. ಹದಿನಾರನೇ ತಾರೀಕು ಹೂಗ್ಯಂಗೆ ಹೋದೆ. ಅವಳ ಅಪ್ಪ ಕೇತಯ್ಯ ಚಾಪೆ ಹಾಸಿ ಕೂರಿಸಿ ಟೀ ಕೊಟ್ಟ. ರೂಪ ಹೇಳಿದಳು: "ನಂಗೊತ್ತಿತ್ತು ಸಾ. ಉಂಡ್ಕಂಡು ಬಂದಾಗ ನನ್ ಕುರ್ಚಿಲಿ ನೀವೇ ಕೂತಿದ್ರಿ. ಅಷ್ಟು ಜನದ ಮುಂದೆ ನಿಮ್ಮೆಸ್ರ ಎಂಗೆ ಏಳದು ಅಂತ ಸುಮ್ಕಾದಿ. ಕೆಲ್ಸಕ್ಕೆ ಬರಕಿಲ್ಲ. ಅದೇ ಜನದ ಮುಂದೆ ಒಂದ್ಸಲ ನಿಜ ಏಳ್ಬುಡಿ, ಸಾಕು." ಹ್ಞೂಂ ಎಂದು ಬಂದೆ. ದಿನಾ ಮಗ್ಗಗಳ ನಡುವೆ ಓಡಾಡುತ್ತೇನೆ. ಇವತ್ತಿಗೆ ಹನ್ನೊಂದು ದಿನ, ಇನ್ನೂ ಹೇಳಿಲ್ಲ.