ರೂಮ್ 214ರಲ್ಲಿ ಅಕ್ಕ, ನಾನು, ಬ್ರೇಕು

ಮಾರ್ಚ್ 3, ಸೋಮವಾರ. ಬೆಳಿಗ್ಗೆ 7.10

ಮೊದಲ ಸುತ್ತು ಮುಗಿಯಿತು. ಹೋಟೆಲಿನ ಹಿಂದಿನ ಹುಲ್ಲು, ಪಾರ್ಕಿಂಗ್, ಮತ್ತೆ ಹುಲ್ಲು. ಹನ್ನೆರಡು ನಿಮಿಷ. ಅದರಲ್ಲಿ ಎಂಟು ನಿಮಿಷ ನಾಯಿ ನಿಂತೇ ಇತ್ತು. ಅಕ್ಕ ಸುಮ್ಮನೆ ಬ್ರೇಕು ಅಂತ ಹೆಸರಿಟ್ಟಿಲ್ಲ. ಹಗ್ಗದ ಆ ತುದಿಯಲ್ಲಿ ಅದು, ಈ ತುದಿಯಲ್ಲಿ ನಾನು. ಹಗ್ಗ ಇನ್ನೂ ಎರಡು ಮಾರು ಉದ್ದ ಇರಬಾರದಿತ್ತೇ!

ಎರಡನೇ ಮಹಡಿಯ ಕಿಟಕಿ ಪಕ್ಕದ ಮಂಚದಿಂದ ಅಕ್ಕ ಫೋನಿನಲ್ಲೇ ಪಾಠ ಮಾಡಿದಳು. ಮೂವತ್ತು ವರ್ಷ ಡ್ರೈವಿಂಗ್ ಸ್ಕೂಲ್ ನಡೆಸಿದವಳು, ಬಿಡುತ್ತಾಳೆಯೇ?

"ಅಷ್ಟು ಬಿಗಿಯಾಗಿ ಹಿಡೀಬೇಡ ಕಣೇ. ಸ್ಟೇರಿಂಗ್ ಹಿಡಿದ ಹಾಗೆ, ಮೆತ್ತಗೆ."

"ಕಚ್ಚಿದ್ರೆ?"

"ಒಂಬತ್ತು ವರ್ಷದಲ್ಲಿ ಅವನು ಕಚ್ಚಿರೋದು ಒಂದೇ ಒಂದು ಚಪ್ಪಲಿ. ಅದೂ ಹಳೇದು."

ಮಾರ್ಚ್ 4, ಮಂಗಳವಾರ

ಹೋದ ತಿಂಗಳು ಅಕ್ಕ ತನ್ನ ಮನೆಯ ಮೆಟ್ಟಿಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆಯಿತು. ಅವಳ ಮನೆ ನಾಲ್ಕನೇ ಮಹಡಿ, ಲಿಫ್ಟ್ ಇಲ್ಲ. ಆರು ವಾರ ಮೆಟ್ಟಿಲು ಹತ್ತುವ ಹಾಗಿಲ್ಲ ಎಂದರು ಡಾಕ್ಟರು. ಆಸ್ಪತ್ರೆಯಿಂದ ಎರಡೇ ಬೀದಿ ಆಚೆ ಈ ಹೋಟೆಲ್ — ವಾರಗಟ್ಟಲೆ ಇರಬಹುದು, ಅಡುಗೆಗೆ ಒಂದು ಮೂಲೆ ಇದೆ, ನಾಯಿ ಬೆಕ್ಕು ಏನಿದ್ದರೂ ಬೇಡ ಅನ್ನುವುದಿಲ್ಲ. ನೋಡಿಕೊಳ್ಳಲು ಜನ ಮಾತ್ರ ಬೇಕಿತ್ತು. ಭಾವ ಹೋಗಿ ಹನ್ನೊಂದು ವರ್ಷ. ಮಕ್ಕಳಿಲ್ಲ.

ಫೋನ್ ಮಾಡಿದಾಗ ಕೂಡ ಜಂಬ. "ಹೋಟೆಲಿನವರು ನಾಯಿಗೆ ಒಪ್ಪಿದಾರೆ. ನಾಯಿ ನಿನಗೆ ಒಪ್ಪುತ್ತೆ. ನೀನು ನಾಯಿಗೆ ಒಪ್ತೀಯಾ, ಅಷ್ಟು ಹೇಳು."

ಒಪ್ಪಿದೆ. ತಿದ್ದಬೇಕಾದ ಪ್ರೂಫಿನ ಕಟ್ಟು ಚೀಲಕ್ಕೆ ತುಂಬಿಕೊಂಡು ಬಂದೆ. ಪ್ರೆಸ್ಸಿನವರಿಗೆ ನಾನೆಲ್ಲಿ ಕೂತು ತಿದ್ದಿದರೂ ಒಂದೇ.

ರಿಸೆಪ್ಷನ್ ಹುಡುಗಿಗೆ ಇಲ್ಲಿನ ಎಲ್ಲ ನಾಯಿಗಳ ಹೆಸರೂ ಗೊತ್ತು, ಮನುಷ್ಯರ ಹೆಸರು ಒಂದೂ ಗೊತ್ತಿಲ್ಲ. ನನ್ನನ್ನು ನೋಡಿ, "ನೀವು ಬ್ರೇಕು ಅವರ ಮನೆಯವರಲ್ವಾ?" ಅಂದಳು. ಹೌದು ಅಂದೆ. ಮತ್ತೇನು ಅನ್ನಲಿ!

ಮಾರ್ಚ್ 7, ಶುಕ್ರವಾರ. ಮಧ್ಯಾಹ್ನ

ಬಾಗಿಲಿಗೆ ನೇತುಹಾಕಲು ಒಂದು ರಟ್ಟು ಕೊಟ್ಟಿದ್ದಾರೆ — "ಒಳಗೆ ನಾಲ್ಕು ಕಾಲಿನ ಅತಿಥಿ ಇದ್ದಾರೆ." ಕಾರಿಡಾರಿನ ಉದ್ದಕ್ಕೂ ಅಂಥವೇ ರಟ್ಟುಗಳು. 212ರಲ್ಲಿ ಸೇತುವೆ ಎಂಜಿನಿಯರ್. ಅವರ ಬೆಕ್ಕು ಕಿಟಕಿಯಲ್ಲಿ ಕೂತು ದಿನವಿಡೀ ರಸ್ತೆಯ ಉಸ್ತುವಾರಿ ನೋಡುತ್ತದೆ.

ನಾಯಿ ಅಕ್ಕನ ಮಂಚದ ಕೆಳಗೆ. ನಾನು ಸೋಫಾದ ಮೇಲೆ, ಕಾಲು ಮೇಲೆತ್ತಿಕೊಂಡು.

ಆಗ ನನಗೆ ಎಂಟು ವರ್ಷ, ಅಕ್ಕನಿಗೆ ಹದಿಮೂರು. ಶಾಲೆಯಿಂದ ಬರುತ್ತಿದ್ದೆವು. ಕೈ ಹಿಡಿದುಕೊಂಡಿದ್ದಳು. ತಿರುವಿನಲ್ಲಿ ನಾಯಿ ಬಂತು. ಕೈ ಬಿಟ್ಟು ಓಡಿದಳು. ನನ್ನ ಮೀನಖಂಡದಲ್ಲಿ ಆ ಕಲೆ ಇವತ್ತಿಗೂ ಇದೆ. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್. ಅವಳು ಪ್ರತಿ ದಿನ ಆಸ್ಪತ್ರೆಯ ಬಾಗಿಲ ತನಕ ಬರುತ್ತಿದ್ದಳು, ಒಳಗೆ ಬರುತ್ತಿರಲಿಲ್ಲ. ಆ ವಿಷಯ ಅವಳು ಎತ್ತಿಲ್ಲ. ನಾನೂ ಎತ್ತಿಲ್ಲ. ಅವಳು ಮರಿ ತಂದು ಸಾಕಿಕೊಂಡ ಮೇಲೆ ನಾನು ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ಮದುವೆ ಮುಂಜಿಗಳಲ್ಲಿ ಸಿಕ್ಕರೆ "ಚೆನ್ನಾಗಿದೀಯಾ", "ಹ್ಞೂಂ", ಅಷ್ಟೇ.

ಮಾರ್ಚ್ 15, ಶನಿವಾರ

ಅಕ್ಕನ ತಲೆಗೆ ಸ್ನಾನ ಮಾಡಿಸಿದೆ. ಬಾತ್‌ರೂಮಿನಲ್ಲಿ ಕುರ್ಚಿ ಹಾಕಿ ಕೂರಿಸಿ. ಕೂದಲು ಎಷ್ಟು ತೆಳುವಾಗಿದೆ… ಜಡೆ ಹಾಕಿದರೆ ಇಲಿ ಬಾಲದಷ್ಟಾಯಿತು. ಹಾಗಂತ ಹೇಳಿದೆ. "ನಿನ್ನದೇನು ಸಿಂಹದ ಕೇಸರವಾ?" ಅಂದಳು. ಇಬ್ಬರೂ ನಕ್ಕೆವು. ನಗು ನಿಲ್ಲದೆ ಅವಳಿಗೆ ಹೊಲಿಗೆ ನೋವಾಗಿ, "ಸಾಕು, ಸಾಯಿಸ್ತೀಯಾ" ಅಂದಳು.

ಬಾಗಿಲಾಚೆ ನಾಯಿ ಕುಯ್ಯ್ ಅನ್ನುತ್ತಿತ್ತು. ಹೊರಗೆ ಬಂದು, "ಇದಾಳೆ ಕಣೋ, ಬರ್ತಾಳೆ" ಅಂದೆ. ನಾಯಿಗೆ ನಾನು ಆಡಿದ ಮೊದಲ ಮಾತು.

ಮಾರ್ಚ್ 19, ಬುಧವಾರ. ಬೆಳಿಗ್ಗೆ 9

ಈಗಲೇ ಬರೆದುಬಿಡುತ್ತೇನೆ.

ಬ್ರೇಕು ಜೊತೆ ಕೆಳಗೆ ಹೊರಟಿದ್ದೆ. ಲಿಫ್ಟ್ ಬಾಗಿಲು ತೆರೆಯಿತು. ಒಳಗೆ ಯಾರೋ ಒಬ್ಬರು, ಅವರ ಕೈಯ ಹಗ್ಗದಲ್ಲಿ ಕರುವಿನಷ್ಟು ಎತ್ತರದ ಕಪ್ಪು ನಾಯಿ. ಒಮ್ಮೆ ಬೊಗಳಿತು, ಅಷ್ಟೇ. ಹಗ್ಗ ಕೈಯಿಂದ ಯಾವಾಗ ಜಾರಿತೋ ಗೊತ್ತಿಲ್ಲ. ಎಚ್ಚರವಾದಾಗ ಮೆಟ್ಟಿಲ ಬಾಗಿಲಿನ ಆಚೆ ನಿಂತಿದ್ದೆ, ಬಾಗಿಲನ್ನು ಬೆನ್ನಲ್ಲಿ ಒತ್ತಿ ಹಿಡಿದು. ಒಂದು ಚಪ್ಪಲಿ ಕಾಲಲ್ಲಿಲ್ಲ.

ಬ್ರೇಕು ಕಾರಿಡಾರಿನಲ್ಲೇ ಉಳಿದಿತ್ತು. ಬಿಟ್ಟು ಬಂದಿದ್ದೆ.

ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ. ಆಮೇಲೆ ಬಾಗಿಲು ತೆರೆದರೆ ಕಾರಿಡಾರ್ ಖಾಲಿ. ಬರಿಗಾಲಲ್ಲೇ ಕೆಳಗೋಡಿದೆ. ರಿಸೆಪ್ಷನ್ ಹುಡುಗಿ ಹಗ್ಗ ಹಿಡಿದು ನಿಂತಿದ್ದಳು. ಪಕ್ಕದಲ್ಲಿ ಬ್ರೇಕು, ಅದರ ಪಕ್ಕದಲ್ಲಿ ಆ ಕಪ್ಪು ನಾಯಿ ಬಾಲ ಆಡಿಸುತ್ತ.

"ಏನಾಗಿಲ್ಲ ಮೇಡಂ. ಈ ಕಪ್ಪು ನಾಯಿಯವರೇ ಲಿಫ್ಟಲ್ಲಿ ಕೆಳಗೆ ಕರ್ಕೊಂಡು ಬಂದ್ರು. ಇಬ್ಬರೂ ದೋಸ್ತಿ ಆಗ್ಬಿಟ್ಟಿದಾರೆ."

ಬ್ರೇಕು ನನ್ನನ್ನು ನೋಡಿತು. ಬಂದು ಬರಿಗಾಲನ್ನು ಮೂಸಿತು. ಅಲ್ಲೇ ನೆಲದ ಮೇಲೆ ಅದರ ಪಕ್ಕ ಕೂತುಬಿಟ್ಟೆ.

ಅದೇ ದಿನ, ಸಂಜೆ 5

ಅಕ್ಕನಿಗೆ ಹೇಳಬಾರದು ಅಂದುಕೊಂಡಿದ್ದೆ. ಹಾಲು ಬಿಸಿ ಮಾಡುತ್ತ, ಅವಳಿಗೆ ಬೆನ್ನು ಹಾಕಿ ಹೇಳಿಬಿಟ್ಟೆ.

"ಬಿಟ್ಟು ಓಡಿಹೋದೆ ಅಕ್ಕಾ. ಅದಕ್ಕೆ ಏನಾದ್ರೂ ಆಗಿದ್ರೆ?"

ಬೈಯುತ್ತಾಳೆ ಅಂದುಕೊಂಡೆ. ತಿರುಗಿ ನೋಡಿದೆ. ಕಿಟಕಿ ಕಡೆ ಮುಖ.

"ಕಾಲು ಓಡಿಬಿಡುತ್ತೆ ಪುಟ್ಟೀ," ಅಂದಳು. "ತಲೆಗೆ ಗೊತ್ತಾಗೋದು ಆಮೇಲೆ."

ಆ ಹೆಸರಿನಲ್ಲಿ ಕರೆದು ಎಷ್ಟು ಕಾಲವಾಗಿತ್ತೋ!

"ನಾನು ಅವತ್ತು ಅಂಗಡಿ ತನಕ ಓಡಿದೆ. ಅಲ್ಲಿ ಕೈ ನೋಡ್ಕೊಂಡೆ. ನೀನಿಲ್ಲ. ವಾಪಸ್ ಬರಬೇಕಲ್ಲ, ಕಾಲೇ ಬರ್ಲಿಲ್ಲ. ನೀನು ಕಿರುಚೋದು ಕೇಳ್ತಿತ್ತು… ಆಸ್ಪತ್ರೆ ಬಾಗಿಲಲ್ಲೂ ಕೇಳ್ತಿತ್ತು."

ಹಾಲು ಉಕ್ಕಿ ಒಲೆಯೆಲ್ಲ ಆಯಿತು. ಇಬ್ಬರೂ ನೋಡುತ್ತಿದ್ದೆವು, ಯಾರೂ ಆರಿಸಲಿಲ್ಲ.

"ಕ್ಷಮಿಸು ಅಂತ ಕೇಳೋಕೆ ಮುಖ ಇರಲಿಲ್ಲ ಕಣೇ. ದಿನ ಹೋದ ಹಾಗೆ ಇನ್ನೂ ಕಷ್ಟ ಆಯ್ತು."

ಹೋಗಿ ಪಕ್ಕದಲ್ಲಿ ಕೂತೆ. ಕೈ ಹಿಡಿದುಕೊಂಡಳು. ಬಿಡಿಸಿಕೊಳ್ಳಲಿಲ್ಲ.

ಮಾರ್ಚ್ 31, ಸೋಮವಾರ

ವಾಕರ್ ಹಿಡಿದು ಅಕ್ಕ ಕಾರಿಡಾರಿನ ತುದಿ ಮುಟ್ಟಿದಳು. ಬ್ರೇಕು ಪಕ್ಕದಲ್ಲೇ, ಅವಳು ನಿಂತರೆ ನಿಂತು, ನಡೆದರೆ ನಡೆದು. ಎಂಜಿನಿಯರ್ ಬಾಗಿಲಿಗೆ ಬಂದು ಚಪ್ಪಾಳೆ ತಟ್ಟಿದರು. ಅಕ್ಕ, "ಸೈಡ್ ಕೊಡಿ, ಕಲಿಯೋರ ಗಾಡಿ" ಅಂದಳು.

ಈಗ ಪ್ರೂಫ್ ತಿದ್ದುವಾಗ ಅವನು ನನ್ನ ಪಾದದ ಮೇಲೇ ಗದ್ದ ಇಟ್ಟು ಮಲಗುತ್ತಾನೆ. ಕಾಲು ಜೋಮು ಹಿಡಿದರೂ ಅಲ್ಲಾಡಿಸುವುದಿಲ್ಲ ನಾನು.

ಬರೆದದ್ದು ಓದಿ ನೋಡಿದೆ. 'ಅವನು' ಎಂದು ಬರೆದಿದ್ದೇನೆ. ತಿದ್ದಲಿಲ್ಲ.

ಏಪ್ರಿಲ್ 9, ಬುಧವಾರ. ಬೆಳಿಗ್ಗೆ 11

ಬಟ್ಟೆಯನ್ನು ಒಗೆಯುವ ಮೆಷಿನ್ನಿಗೆ ಹಾಕಿ ಮೇಲೆ ಬಂದೆ. ಅಕ್ಕ ಫೋನಿನಲ್ಲಿದ್ದಳು. ಹಳೆಯ ಶಿಷ್ಯನೊಬ್ಬನ ಹತ್ತಿರ.

"ಭಾನುವಾರ ಬಂದು ಬ್ರೇಕುನ ಕರ್ಕೊಂಡು ಹೋಗಪ್ಪ. ದಿನಕ್ಕೆ ನಾಲ್ಕು ಸಲ ನಾಲ್ಕು ಮಹಡಿ ನನ್ನಿಂದ ಆಗಲ್ಲ ಇನ್ನು. ಗದರಬೇಡಿ ಅವನನ್ನ. ನಿಂತ್ರೆ ನಿಲ್ಲೋಕೆ ಬಿಡಿ, ತಾನೇ ಹೊರಡ್ತಾನೆ…" ನನ್ನನ್ನು ನೋಡಿ ಫೋನ್ ಇಟ್ಟಳು.

"ಅಂಗಳ ಇದೆ ಅವರ ಮನೇಲಿ," ಅಂದಳು. "ಸುಖವಾಗಿರ್ತಾನೆ."

ಬಟ್ಟೆ ಒಣಗಿತೇನೋ ನೋಡುತ್ತೇನೆ ಅಂತ ಕೆಳಗೆ ಹೋದೆ. ಇನ್ನೂ ಒಗೆದೇ ಆಗಿರಲಿಲ್ಲ.

ಏಪ್ರಿಲ್ 11, ಶುಕ್ರವಾರ. ಬೆಳಿಗ್ಗೆ 8

ಎರಡು ದಿನ ಬಾಯಿಗೆ ಬಂದದ್ದನ್ನು ನುಂಗಿದೆ. ಇವತ್ತು ತಿಂಡಿ ತಟ್ಟೆ ಮುಂದಿಟ್ಟು ಹೇಳಿದೆ:

"ಶಿಷ್ಯನಿಗೆ ಬೇಡ ಅಂತ ಫೋನ್ ಮಾಡು. ಬ್ರೇಕುನ ನಾನು ಕರ್ಕೊಂಡು ಹೋಗ್ತೀನಿ. ನಂದು ನೆಲಮಟ್ಟದ ಮನೆ. ಒಂದು ಮೆಟ್ಟಿಲೂ ಇಲ್ಲ."

ಅಕ್ಕ ತುತ್ತು ಕೈಯಲ್ಲೇ ಹಿಡಿದು ನನ್ನನ್ನೇ ನೋಡಿದಳು. ಆಮೇಲೆ, ಯಾವತ್ತೂ ಇಲ್ಲದ ಸಣ್ಣ ದನಿಯಲ್ಲಿ:

"ನಾಯಿ ಒಂದನ್ನೇನಾ?"

ಅಷ್ಟು ಕೇಳಿ, ನಾಚಿಕೆಯಾಯಿತೇನೋ, ವಾಕರ್ ಎಳೆದುಕೊಂಡು ತಾನಾಗಿಯೇ ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ನಲ್ಲಿ ಸದ್ದು ಕೇಳುತ್ತಿದೆ. ನಾನು ಪೆದ್ದಿಯ ಹಾಗೆ ಇಲ್ಲಿ ಕೂತು ಬರೆಯುತ್ತಿದ್ದೇನೆ. ನನ್ನ ಮನೆಯ ಮುಂದಿನ ರೂಮಿನಲ್ಲಿ ಪ್ರೂಫಿನ ಕಟ್ಟುಗಳಿವೆ, ಅವನ್ನು ಅಟ್ಟಕ್ಕೆ ಹಾಕಬಹುದು. ಅಕ್ಕನ ಮಂಚ ಕಿಟಕಿ ಪಕ್ಕಕ್ಕೆ. ಬಾತ್‌ರೂಮಿನ ಗೋಡೆಗೆ ಒಂದು ಹಿಡಿ ಕೂರಿಸಬೇಕು. ಬಡಗಿಗೆ ಇವತ್ತೇ —

ನಲ್ಲಿ ನಿಂತಿತು. ಬಾಗಿಲ ಹತ್ತಿರ ಹೋಗಿ ನಿಲ್ಲಬೇಕು. ಅವಳು ಹೊರಗೆ ಕಾಲಿಟ್ಟ ತಕ್ಷಣ ಹೇಳಬೇಕು, ನಾಯಿಗಿಂತ ಮೊದಲೇ ಹೇಳಬೇಕಾಗಿದ್ದದ್ದು —